ಬೆಳಕು ಬಂದಿದೆ, ಲಿಂಕ್ ಯಾಕೆ ಬಂದಿಲ್ಲ?

ತುಮಕೂರಿನ ವಸಂತನರಸಾಪುರದಲ್ಲಿ ಒಂದು ಶೆಡ್‌ನಿಂದ ಇನ್ನೊಂದಕ್ಕೆ ಫೈಬರ್ ಎಳೆದಾಗ, ಪವರ್ ಮೀಟರ್ ಸರಿಯಾಗಿ ತೋರಿಸಿದರೂ ಲಿಂಕ್ ದೀಪ ಹತ್ತದೇ ಇರುವುದುಂಟು. ಮೊದಲು ಎರಡೂ ಕಡೆಯ ವೇಗ ನೋಡಿ. 10 ಗಿಗಾಬಿಟ್ ಈಥರ್ನೆಟ್‌ನ 10.3125 ಗಿಗಾಬಾಡ್‌ಗೆ (ಗಿಗಾಬಾಡ್ ಅಂದರೆ ಸೆಕೆಂಡಿಗೆ ನೂರು ಕೋಟಿ ಸಂಕೇತ) ಕಾದು ಕೂತ ಪೋರ್ಟು 1 ಗಿಗಾಬಿಟ್‌ನ 1.25ರ ಸಿಗ್ನಲ್ ಹಿಡಿಯುವುದಿಲ್ಲ, ಬೆಳಕು ಎಷ್ಟೇ ಇರಲಿ.

ಒಂದೊಂದು ಬಿಟ್ ಯಾವಾಗ ಓದಬೇಕೆಂದು ಹೇಳುವ ಕ್ಲಾಕ್‌ಗೆ ಇಲ್ಲಿ ಬೇರೆ ತಂತಿ ಇಲ್ಲ. ಕೋಲಾಟದಲ್ಲಿ ಕೋಲಿನ ಸದ್ದೇ ತಾಳವಾದ ಹಾಗೆ, 0 ಮತ್ತು 1ರ ನಡುವೆ ಸಿಗ್ನಲ್ ಬದಲಾಗುವ ಅಂಚುಗಳನ್ನೇ ಹಿಡಿದು ರಿಸೀವರ್ ತನ್ನ ಕ್ಲಾಕ್ ತಿದ್ದಿಕೊಳ್ಳುತ್ತದೆ. ಬರೀ ಸೊನ್ನೆ ಬರುತ್ತಿದ್ದರೆ ಅಂಚೇ ಇಲ್ಲ, ತಾಳ ತಪ್ಪುತ್ತದೆ. ಐಬಿಎಂನ ವಿಡ್ಮರ್ ಮತ್ತು ಫ್ರಾನಾಸ್ಜೆಕ್ 1983ರಲ್ಲಿ ಪ್ರಕಟಿಸಿದ 8ಬಿ/10ಬಿ ಕೋಡ್ ಇದಕ್ಕೇ ಇರುವುದು: 8 ಬಿಟ್‌ಗೆ 10 ಬಿಟ್ ಕಳಿಸುತ್ತದೆ, ಒಂದೇ ಬಿಟ್ ಸತತವಾಗಿ 5ಕ್ಕಿಂತ ಹೆಚ್ಚು ಬರಲು ಬಿಡುವುದಿಲ್ಲ, 0 ಮತ್ತು 1ರ ಲೆಕ್ಕವನ್ನೂ ಸರಿತೂಗಿಸುತ್ತದೆ. 10 ಗಿಗಾಬಿಟ್ ಈಥರ್ನೆಟ್‌ನ 64ಬಿ/66ಬಿ ಕೋಡ್ ಜಿಪುಣ, 64 ಬಿಟ್‌ಗೆ ಬರೀ 2 ಹೆಚ್ಚು. 66 ಬಿಟ್‌ಗೆ ಒಂದು ಅಂಚಿನ ಖಾತ್ರಿ ಮಾತ್ರ, ಉಳಿದದ್ದು ಬಿಟ್‌ಗಳನ್ನು ಕಲಸಿ ಕಳಿಸುವ ಸ್ಕ್ರ್ಯಾಂಬ್ಲರ್ ಮೇಲೆ ಭಾರ.

ಬೋರ್ಡ್ ಮಾಡುವವರು ಎಡವುವುದು ಇಲ್ಲೇ. ಜೋಡಿ ತಂತಿಯ ಪ್ರತಿ ತಂತಿಯ ಹಾದಿಯಲ್ಲೂ ಕೂತು, ಬದಲಾಗುವ ಸಿಗ್ನಲ್ ಮಾತ್ರ ದಾಟಿಸಿ ಸ್ಥಿರ ವೋಲ್ಟೇಜ್ ತಡೆಯುವ ಕಪ್ಲಿಂಗ್ ಕೆಪ್ಯಾಸಿಟರ್ 100 ನ್ಯಾನೋಫ್ಯಾರಡ್ ಇರಬೇಕಾದಲ್ಲಿ 1 ನ್ಯಾನೋಫ್ಯಾರಡ್ ಕೂತಿದೆ ಎನ್ನಿ. 0402 ಸೈಜಿನ ಚಿಪ್ ಮೇಲೆ ಬರಹವೇ ಇರುವುದಿಲ್ಲ, ಕಣ್ಣಿಗೆ ಎರಡೂ ಒಂದೇ. ಒಟ್ಟು 100 ಓಮ್‌ಗೆ 1 ನ್ಯಾನೋಫ್ಯಾರಡ್‌ನ ಟೈಮ್ ಕಾನ್‌ಸ್ಟಂಟ್ (ಮಟ್ಟ ಎಷ್ಟು ಬೇಗ ಕುಸಿಯುತ್ತದೆ ಎಂಬ ಅಳತೆ) ಬರೀ 100 ನ್ಯಾನೋಸೆಕೆಂಡ್. 1.25 ಗಿಗಾಬಾಡ್‌ನ 8ಬಿ/10ಬಿಯಲ್ಲಿ 5 ಬಿಟ್ ಅಂದರೆ 4 ನ್ಯಾನೋಸೆಕೆಂಡ್. ಮಟ್ಟ ಸುಮಾರು ಶೇ. 4 ಕುಸಿದು ಸುಧಾರಿಸಿಕೊಳ್ಳುತ್ತದೆ, ಲಿಂಕ್ ಓಡುತ್ತದೆ. ಅದೇ ಬೋರ್ಡ್ ಮೇಲೆ 10 ಗಿಗಾಬಿಟ್ ಹಾಕಿದರೆ ಸ್ಕ್ರ್ಯಾಂಬಲ್ ಆದ ಡೇಟಾದಲ್ಲಿ 0–1ರ ಲೆಕ್ಕ ಒಂದು ಕಡೆ ವಾಲಿದಂತೆಲ್ಲ ಮಟ್ಟವೂ ವಾಲುತ್ತದೆ, ಆಗಾಗ ಎರರ್ ಉದುರುತ್ತವೆ. ಅನುಮಾನ ಬಂದರೆ ಬಿಚ್ಚಿ ಎಲ್‌ಸಿಆರ್ ಮೀಟರ್‌ನಲ್ಲಿ ಅಳೆಯಿರಿ. (ಪೋರ್ಟಿಗೆ ಸಿಕ್ಕಿಸುವ 10 ಗಿಗಾಬಿಟ್‌ನ ಎಸ್‌ಎಫ್‌ಪಿ ಪ್ಲಸ್ ಫೈಬರ್ ಮಾಡ್ಯೂಲ್ ಒಳಗೇ ಈ ಕೆಪ್ಯಾಸಿಟರ್ ಇರುತ್ತದೆ, ಬೋರ್ಡ್ ಮೇಲೆ ಇನ್ನೊಂದು ಬೇಡ.)

ಲಿಂಕ್ ಏಳುವುದೇ ಇಲ್ಲವೆಂದರೆ ಬೋರ್ಡಿಗೆ ಮೂಲ ಕ್ಲಾಕ್ ಕೊಡುವ ಆಸಿಲೇಟರ್ ಮೇಲಿನ ಅಂಕಿ ಓದಿ. ಈಥರ್ನೆಟ್‌ಗೆ 156.25 ಮೆಗಾಹರ್ಟ್ಸ್, ಅದರ 66 ಪಟ್ಟು 10,312.5. ಮನೆಗೆ ಫೈಬರ್ ಇಂಟರ್ನೆಟ್ ತರುವ ಜಿಪಾನ್ ಮನೆತನದ್ದು 155.52. ಡಬ್ಬಿ ಅದೇ, ಆದರೆ ಅಂತರ ಸುಮಾರು 4,700 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ). ಈಥರ್ನೆಟ್ ಸಹಿಸುವುದು ಆಚೀಚೆ 100 ಮಾತ್ರ.

ಪರೀಕ್ಷೆಗೆ ಪಿಆರ್‌ಬಿಎಸ್7 ಎಂಬ ಯಾದೃಚ್ಛಿಕದಂತೆ ಕಾಣುವ ಬಿಟ್ ಸರಣಿಯನ್ನು ನೆಚ್ಚಬೇಡಿ. ಅದರಲ್ಲಿ ಸತತ ಬಿಟ್ 7 ದಾಟುವುದಿಲ್ಲ, ಕೆಟ್ಟ ಕೆಪ್ಯಾಸಿಟರ್ ಕೂಡ ಪಾಸಾಗಿಬಿಡುತ್ತದೆ. ಸತತ ಬಿಟ್ 31ರವರೆಗೂ ಬರುವ ಪಿಆರ್‌ಬಿಎಸ್31 ಹಾಕಿ, 10.3125ರಲ್ಲಿ 5 ನಿಮಿಷ ಒಂದೂ ಎರರ್ ಇಲ್ಲದೆ ಓಡಲಿ. ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಕಡಿಮೆ ಎರರ್ ಎಂದು ಶೇ. 95ರ ಭರವಸೆಯಿಂದ ಹೇಳಲು ಅಷ್ಟು ಹೊತ್ತು ಬೇಕೇ ಬೇಕು.