ಬೆತ್ಲೆಹೇಮಿನ ವ್ಯಾಪಾರಿ ಎಷ್ಟು ಸಲ ಹಡಗು ಹತ್ತಿದ?

ಹಳೆಯ ವಲಸೆ ದಾಖಲೆಗಳನ್ನು ಓದಿಕೊಡುವ ನಮ್ಮ ಕಸುಬಿನಲ್ಲಿ ಒಂದು ಅವಸರ ಎಷ್ಟು ಹೇಳಿದರೂ ಬಿಟ್ಟುಹೋಗುವುದಿಲ್ಲ. ಹಡಗಿನ ಪಟ್ಟಿಯಲ್ಲಿ ಮುತ್ತಾತನ ಹೆಸರು ಸಿಕ್ಕಿದ್ದೇ ತಡ, ‘1896ರಲ್ಲಿ ವಲಸೆ ಬಂದರು’ ಎಂದು ಬರೆದು ವಂಶವೃಕ್ಷಕ್ಕೆ ಚೌಕಟ್ಟು ಹಾಕಿಸಿಬಿಡುತ್ತಾರೆ. ಅದೇ ಹೆಸರು 1899ರಲ್ಲಿ, ಮತ್ತೆ 1904ರಲ್ಲಿ ಕಂಡರೆ ‘ಬೇರೆ ಯಾರೋ ಇರಬೇಕು’ ಅನ್ನುತ್ತಾರೆ. ಬೇರೆ ಯಾರೂ ಇರಲಿಕ್ಕಿಲ್ಲ, ಅದೇ ಮನುಷ್ಯ ಇರಬಹುದು. ಆತ ಬೆತ್ಲೆಹೇಮಿನ ವ್ಯಾಪಾರಿ. ಲ್ಯಾಟಿನ್ ಅಮೆರಿಕಕ್ಕೆ ಹೋಗುತ್ತಿದ್ದ, ಬರುತ್ತಿದ್ದ.

ಇನ್ನೊಂದು ಊಹೆ ಇದಕ್ಕಿಂತ ಗಟ್ಟಿ: ಚಿಲಿ, ಹೊಂಡುರಾಸ್, ಎಲ್ ಸಾಲ್ವಡಾರ್‌ಗಳಲ್ಲಿರುವ ಪ್ಯಾಲೆಸ್ಟೀನಿಯನ್ನರೆಲ್ಲ ಇಸ್ರೇಲ್ ಹುಟ್ಟಿದಾಗಿನ 1948ರ ಯುದ್ಧದಲ್ಲಿ ಮನೆ ಕಳೆದುಕೊಂಡು ಬಂದವರು ಎಂಬುದು. ಚಿಲಿಯ ರಾಜಧಾನಿ ಸ್ಯಾಂಟಿಯಾಗೊ ನಗರದ ‘ಪ್ಯಾಲೆಸ್ಟೀನೊ’ ಫುಟ್‌ಬಾಲ್ ಕ್ಲಬ್ ಹುಟ್ಟಿದ್ದೇ 1920ರಲ್ಲಿ. 1948ರ ನಿರಾಶ್ರಿತರ ಕಥೆ ನಿಜ, ದೊಡ್ಡದು, ಆದರೆ ಅದು ಬೇರೆ ಕಥೆ. ಪ್ಯಾಲೆಸ್ಟೀನಿನ ಬೆತ್ಲೆಹೇಮ್, ಬೇತ್ ಜಾಲಾ, ಬೇತ್ ಸಾಹೂರ್ ಎಂಬ ಮೂರು ಅಕ್ಕಪಕ್ಕದ ಊರುಗಳಿಂದ ಹೊರಟ ವ್ಯಾಪಾರಿಗಳದ್ದು ಅದಕ್ಕಿಂತ ಎರಡು ಮೂರು ತಲೆಮಾರು ಹಿಂದಿನದು.

ಮೊದಲು ಸರಕು ನೋಡಬೇಕು. ಇವರು ಒಯ್ದದ್ದು ಮುತ್ತಿನ ಚಿಪ್ಪಿನ ಮತ್ತು ಆಲಿವ್ ಮರದ ಕೆತ್ತನೆ: ಶಿಲುಬೆ, ಪದಕ, ಜಪಸರ. ಚಿಪ್ಪು ಕೆಂಪು ಸಮುದ್ರದ್ದು, ಆಮೇಲಾಮೇಲೆ ದೂರದ ಸಾಗರಗಳದ್ದೂ ಬಂತು. ಅದನ್ನು ಗರಗಸದಲ್ಲಿ ಸೀಳಿ, ತುಂಡು ಮಾಡಿ, ಅರದಿಂದ ಉಜ್ಜಿ, ಬೈರಿಗೆಯಿಂದ ತೂತು ಕೊರೆಯಬೇಕು. ಕೊರೆಯುವಾಗ ಬಿಸಿ ಏರಿದರೆ ಪದರ ಸಿಡಿಯುತ್ತದೆ. ಒಣದಾಗಿ ಉಜ್ಜಿದರೆ ಎದ್ದ ಪುಡಿ ನೇರ ಶ್ವಾಸಕೋಶಕ್ಕೆ. ಕ್ಯಾಥೋಲಿಕ್ ಜಪಸರಕ್ಕೆ 59 ಮಣಿ ಬೇಕು: 53 ಚಿಕ್ಕವು, 6 ಬೇರೆಯಾಗಿ ನಿಲ್ಲುವಂಥವು. ಮುಸ್ಲಿಮರ ಜಪಸರವಾದ ತಸ್ಬೀಹ್‌ಗೆ 33 ಅಥವಾ 99. ಚಿಪ್ಪು, ಉಪಕರಣ, ಕೈ ಎಲ್ಲ ಅವೇ. ಎಣಿಕೆ ಬದಲಾದರೆ ಗಿರಾಕಿಯೂ ಬದಲಾಗುತ್ತಾನೆ.

ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಇದಕ್ಕಿಂತ ಅನುಕೂಲದ ಸರಕಿಲ್ಲ. ಕೊಳೆಯುವುದಿಲ್ಲ, ಜಾಗ ತಿನ್ನುವುದಿಲ್ಲ, ಒಂದೇ ಟ್ರಂಕಿನಲ್ಲಿ ನೂರಾರು ತುಂಬುತ್ತವೆ. ಅದಕ್ಕೆ ಬೆಲೆ ತಂದುಕೊಡುತ್ತಿದ್ದದ್ದು ‘ಯೇಸು ಹುಟ್ಟಿದ ಊರಿನದು’ ಎಂಬ ಒಂದು ಮಾತು. ಆ ಮಾತನ್ನು ನಂಬಿಸಲು ಮಾರುವವನೂ ಆ ಊರಿನವನೇ ಆಗಿದ್ದರೆ ಅರ್ಧ ಕೆಲಸ ಮುಗಿದಂತೆ. 1876ರ ಫಿಲಡೆಲ್ಫಿಯಾ, 1893ರ ಶಿಕಾಗೊ, 1904ರ ಸೇಂಟ್ ಲೂಯಿಸ್ ಮಹಾಪ್ರದರ್ಶನಗಳು ಇಂಥವರಿಗೆ ಹೇಳಿ ಮಾಡಿಸಿದ ಸಂತೆಗಳಾಗಿದ್ದವು. ಸೇಂಟ್ ಲೂಯಿಸ್‌ನಲ್ಲಂತೂ ಜೆರುಸಲೇಮ್ ನಗರದ ಮಾದರಿಯನ್ನೇ ಕಟ್ಟಿದ್ದರು.

ಭಾಷೆಯ ತೊಡಕೂ ಇವರಿಗೆ ಅಷ್ಟಾಗಿ ಇರಲಿಲ್ಲ. ಬೆತ್ಲೆಹೇಮಿನ ಫ್ರಾನ್ಸಿಸ್ಕನ್ ಪಾದ್ರಿಗಳ ಜೊತೆ ಶತಮಾನಗಳ ಒಡನಾಟವಿತ್ತು. ಅವರಿಗೆ ದುಭಾಷಿಗಳಾಗಿದ್ದವರ ಕೇರಿಯೇ ಊರಲ್ಲಿತ್ತು. ಇಟಾಲಿಯನ್ ಕಿವಿಗೆ ಬಿದ್ದವನಿಗೆ ಸ್ಪ್ಯಾನಿಷ್ ಹತ್ತಲು ಎಷ್ಟು ದಿನ ಬೇಕು? ಲ್ಯಾಟಿನ್ ಅಮೆರಿಕದ ದಾರಿ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಇದೊಂದೇ ಎಂದು ಹೇಳುವ ಧೈರ್ಯ ನನಗಿಲ್ಲ.

ಹೋದಲ್ಲಿ ಜಪಸರದ ವ್ಯಾಪಾರ ಬಹುಕಾಲ ನಡೆಯಲಿಲ್ಲ. ಒಂದು ಮನೆಗೆ ಎಷ್ಟು ಶಿಲುಬೆ ಬೇಕು? ಅದೇ ಪೆಟ್ಟಿಗೆಗೆ ಸೂಜಿ, ದಾರ, ಗುಂಡಿ, ಬಾಚಣಿಗೆ, ಕನ್ನಡಿ, ಬಟ್ಟೆ ಸೇರಿದವು. ಪಟ್ಟಣದಲ್ಲಿ ಅಂಗಡಿ ಇಟ್ಟ ನೆಂಟ ಸಾಲವಾಗಿ ಸರಕು ಕೊಡುತ್ತಿದ್ದ, ಹೊಸಬ ಹಳ್ಳಿ ಸುತ್ತಿ ಕಂತಿನ ಮೇಲೆ ಮಾರುತ್ತಿದ್ದ. ಹೊಂಡುರಾಸ್‌ನ ಉತ್ತರ ಕರಾವಳಿಗೆ ಇವರು ನುಗ್ಗಿದ್ದು ಸುಮ್ಮನೆ ಅಲ್ಲ. ಬಾಳೆ ತೋಟಗಳಲ್ಲಿ ಕೂಲಿ ನಗದಾಗಿ ಕೈಗೆ ಬರುತ್ತಿತ್ತು. ಸ್ಯಾನ್ ಪೆಡ್ರೊ ಸುಲಾ ಪೇಟೆ ಹಾಗೆ ಬೆಳೆಯಿತು. ಸ್ಯಾಂಟಿಯಾಗೊದಲ್ಲಿ ಪತ್ರೊನಾತೊ ಬಡಾವಣೆ ಜವಳಿ ಕೇರಿಯಾಯಿತು, 1930ರ ದಶಕದಲ್ಲಿ ಬೆತ್ಲೆಹೇಮ್ ಮೂಲದ ಯಾರೂರ್ ಕುಟುಂಬ ಅದೇ ನಗರದಲ್ಲಿ ದೊಡ್ಡ ಹತ್ತಿ ಗಿರಣಿ ತೆರೆಯಿತು. ಎಲ್ ಸಾಲ್ವಡಾರ್‌ನಲ್ಲಿ 2004ರ ಅಧ್ಯಕ್ಷ ಚುನಾವಣೆಗೆ ಎದುರುಬದುರು ನಿಂತ ಆಂಟೋನಿಯೊ ಸಾಕಾ, ಶಾಫಿಕ್ ಹಂದಾಲ್ ಇಬ್ಬರ ಮನೆತನವೂ ಬೆತ್ಲೆಹೇಮಿನದೇ. ಒಬ್ಬರು ಬಲಪಂಥ, ಇನ್ನೊಬ್ಬರು ಎಡಪಂಥ. ಗೆದ್ದದ್ದು ಸಾಕಾ.

ಈಗ ದಾಖಲೆಗೆ ಬರೋಣ. ಮೊದಲ ಮಹಾಯುದ್ಧದ ಕೊನೆಯವರೆಗೆ ಇವರೆಲ್ಲ ಆಟೊಮನ್, ಅಂದರೆ ತುರ್ಕಿ ಸಾಮ್ರಾಜ್ಯದ ಪ್ರಜೆಗಳು. ಆದ್ದರಿಂದ ‘ರಾಷ್ಟ್ರೀಯತೆ’ ಕಾಲಂನಲ್ಲಿ ತುರ್ಕಿ ಎಂದೋ ಸಿರಿಯಾ ಎಂದೋ ಇರುತ್ತದೆ. ಆ ಕಾಲಂ ಬಿಟ್ಟು ಹುಟ್ಟೂರಿನ ಕಾಲಂ ಓದಿ. ಸ್ಪ್ಯಾನಿಷ್ ದಾಖಲೆಯಲ್ಲಿ ಬೆತ್ಲೆಹೇಮ್ ‘ಬೆಲೆನ್’ ಆಗಿರುತ್ತದೆ. ಆದರೆ ಆ ಹೆಸರಿನ ಊರುಗಳು ಲ್ಯಾಟಿನ್ ಅಮೆರಿಕದಲ್ಲೇ ಬೇಕಾದಷ್ಟಿವೆ, ಜೋಕೆ.

ಹೆಸರಿನದು ಇನ್ನೊಂದು ಗೋಳು. ಅರಬ್ಬಿ ರೂಢಿಯಲ್ಲಿ ತನ್ನ ಹೆಸರು, ತಂದೆಯದು, ಅಜ್ಜನದು, ಕೊನೆಗೆ ಮನೆತನದ್ದು. ಗುಮಾಸ್ತ ಎಲ್ಲಿ ಕತ್ತರಿಸಿದನೋ ಅದೇ ಅಡ್ಡಹೆಸರು. ಇನಿಷಿಯಲ್‌ನಲ್ಲಿ ಊರನ್ನೂ ತಂದೆಯನ್ನೂ ಇಟ್ಟುಕೊಂಡ ನಮ್ಮವರು ಪಾಸ್‌ಪೋರ್ಟ್ ಅರ್ಜಿಯ ‘ಸರ್‌ನೇಮ್’ ಜಾಗದಲ್ಲಿ ಪಡುವ ಪಾಡೇ ಅದು. ಹೀಗಾಗಿ ಚಿಕ್ಕಪ್ಪನಿಗೊಂದು, ಅಣ್ಣನ ಮಗನಿಗೊಂದು ಅಡ್ಡಹೆಸರು ಬಿದ್ದಿರಬಹುದು. ಜೊತೆಗೆ ಹನ್ನಾ ಹೋಗಿ ಹ್ವಾನ್, ಯೂಸುಫ್ ಹೋಗಿ ಹೋಸೆ, ಜಿರ್ಯಿಸ್ ಹೋಗಿ ಹೋರ್ಹೆ ಆಗಿರುತ್ತಾನೆ.

ತಾರೀಖನ್ನು ಹಾಗೇ ನಕಲು ಮಾಡಿಕೊಳ್ಳಬೇಡಿ. ಆಟೊಮನ್ ಕಾಗದದಲ್ಲಿ 1326 ಎಂದಿದ್ದರೆ ಅದು ಸರ್ಕಾರದ ಆರ್ಥಿಕ ವರ್ಷವೋ ಇಸ್ಲಾಮಿನ ಚಾಂದ್ರಮಾನದ ಹಿಜ್ರಿಯೋ ನೋಡಬೇಕು. ಆರ್ಥಿಕ ವರ್ಷವಾದರೆ 584 ಕೂಡಿಸಿ, 1910 ಬರುತ್ತದೆ. ಆ ವರ್ಷ ಶುರುವಾಗುವುದು ಮಾರ್ಚಿನಲ್ಲಿ, ಆದ್ದರಿಂದ ಅದರ ಜನವರಿ, ಫೆಬ್ರವರಿ 1911ಕ್ಕೆ ಸೇರುತ್ತವೆ. ಬೇತ್ ಜಾಲಾದ ಆರ್ಥೊಡಾಕ್ಸ್ ಚರ್ಚಿನ ದಾಖಲೆ ಹಳೆಯ ಜೂಲಿಯನ್ ಪಂಚಾಂಗದ್ದು. ಇಂದಿನ ತಾರೀಖು ಬೇಕಾದರೆ ಹತ್ತೊಂಬತ್ತನೇ ಶತಮಾನದಲ್ಲಿ 12 ದಿನ, 1900ರ ಮಾರ್ಚ್ ನಂತರ 13 ದಿನ ಕೂಡಿಸಬೇಕು. ಇಷ್ಟು ಮಾಡದೆ ‘ದಾಖಲೆಗಳು ತಾಳೆಯಾಗುತ್ತಿಲ್ಲ’ ಎಂದು ದೂರಿದರೆ ಏನು ಹೇಳಲಿ!

ಮತ್ತೆ ಆ ಹಳೆಯ ಮಾತಿಗೇ ಬರುತ್ತೇನೆ, ಏಕೆಂದರೆ ಜನ ಅದನ್ನೇ ಮರೆಯುವುದು. ಹಡಗಿನ ಪಟ್ಟಿ ಒಂದು ಪ್ರಯಾಣದ ದಾಖಲೆ, ವಲಸೆಯ ದಾಖಲೆಯಲ್ಲ. ಆತ ಹಿಂತಿರುಗಿದನೇ ಎಂದು ತಿಳಿಯಲು ಬೆತ್ಲೆಹೇಮ್ ಕಡೆಯ ಚರ್ಚಿನಲ್ಲಿ ಕೂಸುಗಳ ಜ್ಞಾನಸ್ನಾನ (ಕ್ರೈಸ್ತ ದೀಕ್ಷೆ) ಬರೆದಿಟ್ಟ ಪುಸ್ತಕ ಬೇಕು. ಒಂದೇ ದಂಪತಿಯ ಮಕ್ಕಳನ್ನು ಸಾಲಾಗಿ ಬರೆದುಕೊಳ್ಳಿ. ಎರಡೆರಡು ವರ್ಷಕ್ಕೊಂದು ಮಗು, ನಡುವೆ ಇದ್ದಕ್ಕಿದ್ದಂತೆ ಐದು ವರ್ಷ ಖಾಲಿ, ಆಮೇಲೆ ಮತ್ತೆ ಎರಡು ಮಕ್ಕಳು. ಆ ಖಾಲಿ ಜಾಗದ ಪಕ್ಕದಲ್ಲಿ ಹಡಗಿನ ತಾರೀಖುಗಳನ್ನಿಟ್ಟು ನೋಡಿ, ಗಂಡ ಎಲ್ಲಿದ್ದ ಎಂದು ಹೊಳೆಯುತ್ತದೆ. ಹುಟ್ಟಿದ ಕೂಡಲೇ ತೀರಿಕೊಂಡ ಕೂಸುಗಳಿಂದಲೂ ಇಂಥ ಅಂತರ ಬರುತ್ತದೆ. ಅದಕ್ಕೇ ಸಮಾಧಿಯ ಪುಸ್ತಕವನ್ನೂ ತಿರುವಿ ಹಾಕದೆ ತೀರ್ಮಾನ ಕೊಡಬಾರದು. ಇದಲ್ಲದೆ ಊರಿನ ಕಟ್ಟಡಗಳೂ ಸಾಕ್ಷಿಯಾಗಿವೆ. ಬೆತ್ಲೆಹೇಮಿನ ವ್ಯಾಪಾರಿ ಮನೆತನವೊಂದು ಕಟ್ಟಿಸಿದ ಜಾಸಿರ್ ಅರಮನೆ 1910ರದ್ದು. ಶಾಶ್ವತವಾಗಿ ಊರು ಬಿಟ್ಟವರು ಅಲ್ಲಿ ಅರಮನೆ ಕಟ್ಟಿಸುತ್ತಾರೆಯೇ?

ಹೊರಟವರೆಲ್ಲ ಒಂದೇ ಕಾರಣಕ್ಕೆ ಹೊರಟರು ಎಂದೂ ಅಲ್ಲ. 1909ರಲ್ಲಿ ಆಟೊಮನ್ ಸರ್ಕಾರ ಕ್ರೈಸ್ತರನ್ನೂ ಕಡ್ಡಾಯ ಸೈನ್ಯಸೇವೆಗೆ ಸೇರಿಸಿದ ಮೇಲೆ ಹುಡುಗರನ್ನು ಹಡಗು ಹತ್ತಿಸಿದ ಮನೆಗಳಿವೆ. ಆದರೂ ‘ಸ್ವಲ್ಪ ವರ್ಷ ದುಡಿದು ಬರುವುದು’ ಎಂಬ ಲೆಕ್ಕ ಮುರಿದುಬಿದ್ದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 1924ರ ಆಗಸ್ಟ್‌ನಲ್ಲಿ ತುರ್ಕಿಯೊಡನೆ ಆದ ಲೌಸಾನ್ ಶಾಂತಿ ಒಪ್ಪಂದ ಜಾರಿಯಾಗಿ ಆಟೊಮನ್ ಪೌರತ್ವ ಕೊನೆಗೊಂಡಿತು. 1925ರ ಆಗಸ್ಟ್ 1ರಿಂದ, ಆಗ ಅಲ್ಲಿ ಆಳುತ್ತಿದ್ದ ಬ್ರಿಟಿಷರ ಪ್ಯಾಲೆಸ್ಟೀನ್ ಪೌರತ್ವ ಆದೇಶ ಬಂತು. ಅದರ ಪ್ರಕಾರ ತಾನಾಗಿ ಪೌರತ್ವ ಸಿಕ್ಕಿದ್ದು ಆ ದಿನ ಪ್ಯಾಲೆಸ್ಟೀನಿನಲ್ಲಿ ವಾಸವಿದ್ದ ಆಟೊಮನ್ ಪ್ರಜೆಗಳಿಗೆ. ಅಲ್ಲೇ ಹುಟ್ಟಿ ವ್ಯಾಪಾರಕ್ಕೆಂದು ಹೊರಗಿದ್ದವರು ಗಡುವಿನೊಳಗೆ ಅರ್ಜಿ ಹಾಕಬೇಕಿತ್ತು, ಅದಕ್ಕೂ ಅಲ್ಲಿ ವಾಸ ಮಾಡಿರಬೇಕೆಂಬ ಷರತ್ತು. ಅಂಗಡಿ ಹೊಂಡುರಾಸ್‌ನಲ್ಲಿ, ಸಾಲ ಹಳ್ಳಿಗಳಲ್ಲಿ. ತಿಂಗಳುಗಟ್ಟಲೆ ಬಿಟ್ಟು ಹೋಗುವವನಾರು? ಸಾವಿರಾರು ಅರ್ಜಿಗಳು ತಿರಸ್ಕೃತವಾದವು. ಹೀಗೆ ತುರ್ಕಿಯ ಪ್ರಜೆಯೂ ಅಲ್ಲ, ಪ್ಯಾಲೆಸ್ಟೀನಿನ ಪ್ರಜೆಯೂ ಅಲ್ಲ ಎಂಬ ಸ್ಥಿತಿಗೆ ಬಂದವರು ಇದ್ದ ದೇಶದ ಪೌರತ್ವ ಪಡೆದರು. ಅದೂ ಸುಲಭವಿರಲಿಲ್ಲ, 1930ರ ಆಸುಪಾಸಿನಲ್ಲಿ ಮಧ್ಯ ಅಮೆರಿಕದ ದೇಶಗಳು ಅರಬರ ಪ್ರವೇಶಕ್ಕೆ ನಿರ್ಬಂಧ ಹಾಕತೊಡಗಿದ್ದವು.

ಹಾಗಾಗಿ ‘ವಲಸೆ ಬಂದ ವರ್ಷ’ ಎಂದು ಒಂದೇ ಅಂಕಿ ಬೇಕೇ ಬೇಕು ಎನ್ನುವವರಿಗೆ ನಾನು 1896 ಬರೆದುಕೊಡುವುದಿಲ್ಲ. ಮೊದಲ ಪ್ರಯಾಣ, ಗೊತ್ತಿರುವ ವಾಪಸಾತಿಗಳು, ಪೌರತ್ವ ಪಡೆದ ವರ್ಷ, ಈ ಮೂರನ್ನೂ ಬೇರೆ ಬೇರೆ ಬರೆದಿಡಿ. 1925ರ ನಂತರ ಬ್ರಿಟಿಷ್ ಕಾನ್ಸುಲ್ ಕಚೇರಿಗೆ ಕೊಟ್ಟ ಅರ್ಜಿಯೇನಾದರೂ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕರೆ, ತಿರಸ್ಕೃತವಾದದ್ದೆಂದು ಎಸೆಯಬೇಡಿ. ಹುಟ್ಟೂರು, ಊರು ಬಿಟ್ಟ ಕಾಲ, ಅಲ್ಲಿ ಉಳಿದ ಆಸ್ತಿ ಮುಂತಾದ ವಿವರಗಳನ್ನು ಅರ್ಜಿದಾರ ತಾನೇ ಹೇಳಿರುವ ಕಾಗದ ಬಹುಶಃ ಅದೊಂದೇ ಇರುತ್ತದೆ.