ರಾಕೆಟ್ ಏರಿದರೂ ಜನ್ಮಪಾಪ ಬಿಡದೇ?

ಓದುಗರ ಪ್ರಶ್ನೆ: ವಿಜ್ಞಾನ ಬೆಳೆದಂತೆ ರೋಗ, ನೋವು ಕಡಿಮೆಯಾಗುತ್ತಿವೆ, ಸಾವನ್ನೂ ಮುಂದೂಡುತ್ತಿದ್ದೇವೆ. ಹಾಗಿದ್ದೂ ಕ್ರೈಸ್ತ ಲೇಖಕರ ವಿಜ್ಞಾನ ಕಾದಂಬರಿಗಳಲ್ಲಿ ಪಾಪ, ಪತನದ ಮಾತೇಕೆ?

ಬೆಂಗಳೂರಿನಲ್ಲಿ ಇದನ್ನು ನನ್ನ ಬಳಿ ಹೆಚ್ಚಾಗಿ ಕೇಳುವವರು ಸಾಫ್ಟ್‌ವೇರ್ ಕೆಲಸದ ಗೆಳೆಯರು. ಅವರ ಕೆಲಸದಲ್ಲಿ ತಪ್ಪೆಂದರೆ ಎಲ್ಲೋ ಕಣ್ತಪ್ಪಿದ್ದು. ಹುಡುಕಿ ತಿದ್ದಿದರೆ ಮುಗಿಯಿತು. ಕ್ರೈಸ್ತ ನಂಬಿಕೆ ಕೆಡುಕನ್ನು ಹಾಗೆ ನೋಡುವುದಿಲ್ಲ. ಒಂದು ಮರದ ಹಣ್ಣು ಬೇಡವೆಂದು ದೇವರು ಹೇಳಿದ್ದು ಬೈಬಲ್ಲಿನ ಮೊದಲ ಹೆಣ್ಣು ಹವ್ವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಕೈ ಚಾಚಿದಳು. ಪತನವೆಂದರೆ ಇದೇ. ಸೊಟ್ಟಗಾದದ್ದು ಮನಸ್ಸು. ಅದು ರಾಕೆಟ್ಟಿನಲ್ಲೂ ನಮ್ಮ ಜೊತೆಗೇ ಬರುತ್ತದೆ.

ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ 1943ರಲ್ಲಿ ಪ್ರಕಟಿಸಿದ ಕಾದಂಬರಿ ‘ಪೆರೆಲಾಂಡ್ರಾ’ ನೋಡಿ. ಅದರ ಶುಕ್ರಗ್ರಹದಲ್ಲಿ ಪತನ ಇನ್ನೂ ಆಗಿಲ್ಲ. ಅಲ್ಲಿ ದ್ವೀಪಗಳು ತೇಲುತ್ತವೆ, ಅಲೆ ಎದ್ದರೆ ಕಾಲಡಿಯ ನೆಲವೂ ಗುಡ್ಡವಾಗಿ ಏಳುತ್ತದೆ. ಅಲ್ಲಿನ ಮೊದಲ ಹೆಣ್ಣಾದ ರಾಣಿಗೆ ದೇವರ ನಿಷೇಧ ಒಂದೇ: ಅಲುಗದ ನೆಲದಲ್ಲಿ ರಾತ್ರಿ ತಂಗಬಾರದು. ಭೂಮಿಯಿಂದ ಬಂದ ವಿಜ್ಞಾನಿ ವೆಸ್ಟನ್ನನ ಬಾಯಲ್ಲಿ ಸೈತಾನ ದಿನಗಟ್ಟಲೆ ಅವಳನ್ನು ಪುಸಲಾಯಿಸುತ್ತಾನೆ. ಗಟ್ಟಿ ನೆಲದಲ್ಲಿ ತಪ್ಪೇನು? ಕೊನೆಗೆ ರಾಣಿಯೇ ಕಂಡುಕೊಳ್ಳುತ್ತಾಳೆ: ನಾಳೆ ಎಲ್ಲಿರಬೇಕೆಂದು ನಾನೇ ಕಟ್ಟಿಟ್ಟುಕೊಳ್ಳುತ್ತೇನೆ, ದೇವರು ಕಳಿಸುವ ಅಲೆ ನನಗೆ ಬೇಡ ಎನ್ನುವುದೇ ಆ ಆಸೆಯ ಬೇರು. ಒಂದು ಸೈಟು ಮಾಡಿಕೊಂಡರೆ ಬದುಕು ದಡ ಸೇರಿತೆನ್ನುವ ನಮ್ಮೂರಿನಲ್ಲಿ ಕೂತು ಆ ಪುಟಗಳನ್ನು ಓದಿದಾಗ ನನ್ನ ಎದೆ ಝಲ್ಲೆಂದಿತು.

ನೋವಿನ ವಿಷಯ ಇನ್ನೂ ಕಠಿಣ. ವಾಲ್ಟರ್ ಮಿಲ್ಲರ್ 1944ರಲ್ಲಿ ಇಟಲಿಯ ಮೊಂಟೆ ಕಸ್ಸಿನೊ ಮಠದ ಮೇಲೆ ನಡೆದ ಬಾಂಬ್ ದಾಳಿಯಲ್ಲಿ, ಬಾಂಬ್ ಹಾಕಿದವರ ಕಡೆ ಇದ್ದವರು. ಅವರ 1959ರ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್’ನಲ್ಲಿ ಅಣುಯುದ್ಧದಿಂದ ಹಾಳಾದ ಲೋಕ, ನೂರಾರು ವರ್ಷಗಳ ಮೇಲೆ ವಿದ್ಯೆ ಮರಳಿ ಪಡೆದು, ಅದೇ ಬಾಂಬನ್ನು ಮತ್ತೆ ಹಾಕಿಕೊಳ್ಳುತ್ತದೆ. ವಿಕಿರಣ ತಗುಲಿದ ಕೂಸಿನೊಂದಿಗೆ ದಯಾಮರಣದ ಶಿಬಿರಕ್ಕೆ ಹೊರಟ ತಾಯಿಯನ್ನು ಮಠಾಧಿಪತಿ ಅಂಗಲಾಚಿ ತಡೆಯುತ್ತಾರೆ, ಆಕೆ ನಿಲ್ಲುವುದಿಲ್ಲ. ನಾನು ಮಠಾಧಿಪತಿಯ ಪಕ್ಷ. ಆದರೂ ಅಲ್ಲಿನ ವೈದ್ಯನ ಮರುಕ ಸುಳ್ಳೆನ್ನಲಾರೆ, ಮಿಲ್ಲರ್ ಕೂಡ ಹಾಗೆ ಬರೆದಿಲ್ಲ.

ಇನ್ನು ಸಾವು. ಲೂಯಿಸರ 1938ರ ಕಾದಂಬರಿಯಲ್ಲಿ ಇದೇ ವೆಸ್ಟನ್, ಗ್ರಹದಿಂದ ಗ್ರಹಕ್ಕೆ ಹಾರುತ್ತ ಮನುಷ್ಯಕುಲ ಎಂದೂ ಸಾಯದಂತೆ ಮಾಡಲು ಹೊರಡುತ್ತಾನೆ. ಆ ಕಥೆಯ ಮಂಗಳಗ್ರಹದ ಜೀವಿಗಳಿಗೆ ಸಾವಿದೆ, ಸಾವಿನ ಅಂಜಿಕೆಯಿಲ್ಲ. ಆಯುಸ್ಸು ಹಿಗ್ಗಿಸುವುದು ಬೇರೆ, ಸತ್ತವರನ್ನು ದೇವರು ಮತ್ತೆ ಎಬ್ಬಿಸುವ ಪುನರುತ್ಥಾನ ಬೇರೆ. ಮೃತರನ್ನು ನೆನೆಯುವ ದಿನವಾದ ಪ್ರತಿ ನವೆಂಬರ್ 2ರಂದು ಹೊಸೂರು ರಸ್ತೆಯ ಸ್ಮಶಾನದಲ್ಲಿ ಅಜ್ಜಿಯ ಸಮಾಧಿಗೆ ಸೇವಂತಿಗೆ ಇಟ್ಟು, ಕಲ್ಲಿನ ಮೇಲೆ ಮೇಣ ತೊಟ್ಟಿಕ್ಕಿಸಿ ಬತ್ತಿ ನಿಲ್ಲಿಸಿ, ಗಾಳಿಗೆ ಅಂಗೈ ಅಡ್ಡ ಹಿಡಿಯುತ್ತೇವೆ. ಅಮ್ಮ ಅಲ್ಲಿ ‘ತೀರಿಹೋದರು’ ಎನ್ನುವುದಿಲ್ಲ. ‘ಮಲಗಿದ್ದಾರೆ’ ಎನ್ನುತ್ತಾರೆ.