‘ಬೋರಿಂಗ್’ ಒಂದೇ ಪದ ಸಾಲದು

ಕೆಲಸ ಬೇಸರ ತಂದರೂ ಸಂಬಂಧ ಸಪ್ಪೆಯಾದರೂ ಇಂಗ್ಲಿಷ್‌ನಲ್ಲಿ ನಮ್ಮ ಬಾಯಿಗೆ ಬರುವುದು ‘ಬೋರಿಂಗ್’, ಇಲ್ಲವೇ ‘ನಾಟ್ ಹ್ಯಾಪಿ’. ಕೊರತೆ ಇರುವುದು ಎಲ್ಲಿ ಎಂಬುದು ಕೇಳಿದವರಿಗೆ ತಿಳಿಯುವುದೇ ಇಲ್ಲ. ಪದ ಹುಡುಕುವ ಮೊದಲು ಅದನ್ನು ನೀವೇ ಗೊತ್ತುಮಾಡಿಕೊಳ್ಳಿ.

ಮಾಡಿದ್ದನ್ನೇ ಮಾಡುವ ಕೆಲಸ ‘ಮೊನಾಟನಸ್’. ಮುಗಿಯದೆ ಎಳೆದಾಡಿ ತಾಳ್ಮೆ ಕೆಡಿಸುವುದು ‘ಟೀಡಿಯಸ್’. ಎಷ್ಟು ದುಡಿದರೂ ಯಾರೂ ಮೆಚ್ಚದಿದ್ದರೆ ‘ಥ್ಯಾಂಕ್‌ಲೆಸ್’, ಬಡ್ತಿಗೆ ದಾರಿಯೇ ಇಲ್ಲದಿದ್ದರೆ ‘ಡೆಡ್-ಎಂಡ್ ಜಾಬ್’. ಸಂಬಳ, ಸ್ಥಾನ ಎಲ್ಲ ಚೆನ್ನಾಗಿದ್ದೂ ಮನಸ್ಸು ತುಂಬದಿದ್ದರೆ ‘ಅನ್‌ಫುಲ್‌ಫಿಲ್ಲಿಂಗ್’. ಈ ಕೊನೆಯ ಪದ ನಮ್ಮವರು ಬಳಸುವುದು ತೀರಾ ಕಡಿಮೆ, ಆದರೆ ಹೆಚ್ಚು ಬೇಕಾಗುವುದು ಅದೇ.

‘ಬರ್ನೌಟ್’ ಪದವನ್ನು ಮಾತ್ರ ಜೋಪಾನವಾಗಿ ಬಳಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ವಿವರಣೆಯಂತೆ ಇದು ಕೆಲಸದ ಒತ್ತಡ ಬಹುಕಾಲ ನಿಭಾಯಿಸಲಾಗದೆ ಉಳಿದಾಗ ಬರುವ ಸ್ಥಿತಿ: ಶಕ್ತಿ ಬತ್ತುತ್ತದೆ, ಕೆಲಸದಿಂದ ಮನಸ್ಸು ದೂರ ಸರಿಯುತ್ತದೆ, ಕಾರ್ಯಕ್ಷಮತೆ ಕುಗ್ಗುತ್ತದೆ. ಒಂದು ದಿನದ ದಣಿವಿಗೆ ‘ಎಕ್ಸಾಸ್ಟೆಡ್’ ಸಾಕು.

ಹೆಚ್ಚು ಎಡವುವುದು ‘ಸ್ಯಾಟಿಸ್‌ಫೈ’ ಕುಟುಂಬದಲ್ಲಿ. ಸಿಕ್ಕಿದ್ದು ಹಿಡಿಸದೆ ಅಸಮಾಧಾನವಾದರೆ ‘ಡಿಸ್‌ಸ್ಯಾಟಿಸ್‌ಫೈಡ್’. ಅದರ ಜೊತೆ ‘ವಿತ್’ ಬರಬೇಕು. ಬೇಕಾದದ್ದು ಇನ್ನೂ ಈಡೇರದೆ ಉಳಿದಿದ್ದರೆ ‘ಅನ್‌ಸ್ಯಾಟಿಸ್‌ಫೈಡ್’: ತೀರದ ಕುತೂಹಲ, ಪೂರೈಕೆಯಾಗದ ಬೇಡಿಕೆ. ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಎನ್ನುವುದು ಗುಣಮಟ್ಟ ಸಾಲದ ವಸ್ತು, ಉತ್ತರ ಅಥವಾ ಕೆಲಸದ ಬಗ್ಗೆ. ಅದನ್ನು ‘ಐ ಆಮ್’ ಮುಂದೆ ಹಚ್ಚಿದರೆ ನಿಮ್ಮನ್ನು ನೀವೇ ಕಳಪೆ ಎಂದಂತೆ. ‘ಐ ಆಮ್ ಬೋರಿಂಗ್’ ಕೂಡ ಹೀಗೆಯೇ: ಬೇಸರಪಟ್ಟವರು ‘ಬೋರ್ಡ್’, ಬೇಸರ ತರಿಸುವವರು ‘ಬೋರಿಂಗ್’.

ಸಂಬಂಧದ ವಿಷಯದಲ್ಲಿ ತೂಕ ತಪ್ಪಿದರೆ ಹಾನಿ ಹೆಚ್ಚು. ಜಗಳವಿಲ್ಲದೆ ನಿಧಾನವಾಗಿ ದೂರವಾದವರು ‘ಡ್ರಿಫ್ಟೆಡ್ ಅಪಾರ್ಟ್’. ಬಿರುಕು ಮೂಡಿದ್ದರೂ ನಂಟು ಉಳಿದಿದ್ದರೆ ‘ಸ್ಟ್ರೇನ್ಡ್’. ಒಬ್ಬರೇ ಕೊಡುತ್ತಾ ಹೋದರೆ ‘ಒನ್-ಸೈಡೆಡ್’. ಆ ಕೊಡುವವರನ್ನು ಲೆಕ್ಕಕ್ಕೇ ಇಡದಿದ್ದರೆ ‘ಟೇಕನ್ ಫಾರ್ ಗ್ರಾಂಟೆಡ್’. ಹೆಂಡತಿಯ ಜೊತೆ ಮಾತು ಕಡಿಮೆಯಾಗಿದೆ ಎನ್ನಲು ‘ಎಸ್ಟ್ರೇಂಜ್ಡ್ ವೈಫ್’ ಎನ್ನಬೇಡಿ. ಕೇಳಿದವರು ಇಬ್ಬರೂ ಬೇರೆ ಬೇರೆ ವಾಸವಿದ್ದಾರೆ ಎಂದೇ ತಿಳಿಯುತ್ತಾರೆ. ‘ಟಾಕ್ಸಿಕ್’ ಪದವನ್ನು ಈಗ ಎಲ್ಲದಕ್ಕೂ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಅವಮಾನ, ಬೆದರಿಕೆ, ಹತೋಟಿ ಇರುವ ನಂಟಿಗೆ ಅದು ಮೀಸಲಿರಲಿ. ನೊಂದವರಿಗೆ ಆ ಪದದ ಪೂರ್ತಿ ಬಲ ಬೇಕು.

ಸಂದರ್ಶನದಲ್ಲಿ ಹಳೆಯ ಕೆಲಸ ಬಿಟ್ಟ ಕಾರಣ ಕೇಳಿದರೆ ‘ಫೆಡ್ ಅಪ್’, ‘ಫ್ರಸ್ಟ್ರೇಟೆಡ್’ ಎರಡೂ ಬೇಡ. ಅವು ನಿಮ್ಮ ಸಿಟ್ಟನ್ನಷ್ಟೇ ತೋರಿಸುತ್ತವೆ. ‘ದ ರೋಲ್ ಆಫರ್ಡ್ ಲಿಟಲ್ ರೂಮ್ ಟು ಗ್ರೋ’ (ಆ ಹುದ್ದೆಯಲ್ಲಿ ಬೆಳೆಯಲು ಅವಕಾಶ ಕಡಿಮೆಯಿತ್ತು) ಎನ್ನಿ. ಮಾತು ಕೆಲಸದ ಮೇಲೆ ನಿಲ್ಲುತ್ತದೆ, ಯಾರನ್ನೂ ದೂರಿದಂತೆ ಆಗುವುದಿಲ್ಲ. ಅದರ ಬೆನ್ನಿಗೇ ಹೊಸ ಕೆಲಸದಲ್ಲಿ ಏನು ಕಲಿಯಬೇಕೆಂದಿದ್ದೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ.